ಕಾಮಾಲೆ: ಕಾರವಾರ, ಅಂಕೋಲಾದ ಮನೆಗಳಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ಕಣ್ಣು ಹಳದಿಯಾಗಿ ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ನಮ್ಮ ಕಡೆ ಜನ ಮೊದಲು ವಿಚಾರಿಸುವುದು ಮದ್ದು ಯಾರು ಕೊಡುತ್ತಾರೆ ಎಂದು. ಮೊದಲು ಆಗಬೇಕಾದ್ದು ರಕ್ತ ಪರೀಕ್ಷೆ. ಕಾಮಾಲೆ ಲಿವರಿನ ತೊಂದರೆಯ ಗುರುತು, ಅಷ್ಟೆ. ಅದರ ಹಿಂದಿರುವುದು ಹೆಪಟೈಟಿಸ್ ಎ, ಬಿ, ಸಿ, ಡಿ, ಇ ವೈರಸ್‌ಗಳಲ್ಲಿ ಯಾವುದು, ಇಲಿಜ್ವರವೇ, ಪಿತ್ತನಾಳದ ಕಲ್ಲೇ ಎಂಬುದು ಕಣ್ಣು ನೋಡಿದರೆ ತಿಳಿಯುವುದಿಲ್ಲ.

ಮಾಡಬೇಕಾದ್ದು

ಜ್ವರ, ವಾಕರಿಕೆ, ವಿಪರೀತ ಸುಸ್ತು, ಅನ್ನ ಕಂಡರೆ ಬೇಡವೆನಿಸುವುದು, ಬಲ ಪಕ್ಕೆಯ ಕೆಳಗೆ ನೋವು: ಇವು ಹಳದಿಗಿಂತ ಮೊದಲೇ ಬರುತ್ತವೆ. ಅಂಕೋಲಾ ತಾಲೂಕು ಆಸ್ಪತ್ರೆಗೋ ಕಾರವಾರದ ಕ್ರಿಮ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೋಗಿ ತೋರಿಸಿ. ಗದ್ದೆಗೆ, ನೆರೆನೀರಿಗೆ ಇಳಿದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಆ ನೀರಿನಿಂದ ತಗಲುವ ಇಲಿಜ್ವರವಾಗಿದ್ದರೆ ಆಂಟಿಬಯಾಟಿಕ್ ಬೇಗ ಶುರುವಾಗಬೇಕು.

ಎ ಮತ್ತು ಇ ಮಲ ಬೆರೆತ ನೀರು, ಆಹಾರದಿಂದ ಹರಡುತ್ತವೆ. ಮಳೆಗಾಲದಲ್ಲಿ ಬಾವಿನೀರು ತಿಳಿಯಾಗಿ ಕಂಡರೂ ಕುದಿಸಿಯೇ ಕುಡಿಯಿರಿ. ಕುದಿ ಬಂದ ಮೇಲೂ ಒಂದು ನಿಮಿಷ ಒಲೆಯ ಮೇಲಿರಲಿ. ಕಾಳಿಯೋ ಗಂಗಾವಳಿಯೋ ಉಕ್ಕಿ ಬಾವಿಗೆ ನೀರು ನುಗ್ಗಿದ್ದರೆ ಬಾವಿಯ ನೀರು ಖಾಲಿ ಮಾಡಿಸಿ, 1000 ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ ಒಳ್ಳೆಯ ಬ್ಲೀಚಿಂಗ್ ಪೌಡರ್ ಹಾಕಿಸಿ, ಒಂದು ತಾಸು ಬಿಟ್ಟು ಬಳಸಿ. ಕುಡಿಯುವ ನೀರನ್ನು ಆಮೇಲೂ ಕುದಿಸಬೇಕು. ಪಾಯಖಾನೆ ಗುಂಡಿ ಬಾವಿಯಿಂದ 50 ಅಡಿಯಾದರೂ ದೂರವಿರಲಿ. ಕಡಲಂಚಿನ ಮರಳು ನೆಲದಲ್ಲಿ ಕೊಳೆ ಬೇಗ ಇಳಿಯುತ್ತದೆ.

ಬೆಳಚು, ಕಾರವಾರದವರ ತಿಸ್ರೆ, ಇದರ ಬಗ್ಗೆ ಬಿಡಿಸಿ ಹೇಳಲೇಬೇಕು. ಅಳಿವೆಯ ನೀರನ್ನು ಸೋಸಿ ಬದುಕುವ ಈ ಚಿಪ್ಪು ಆ ನೀರಿನ ವೈರಸ್ಸನ್ನೂ ಮೈಯಲ್ಲಿ ತುಂಬಿಕೊಳ್ಳುತ್ತದೆ. ಪಾತ್ರೆ ಬಿಸಿಯಾಗಿ ಚಿಪ್ಪು ಬಾಯಿ ಬಿಟ್ಟ ಕೂಡಲೇ ಬೆಂದಿತೆಂದು ಇಳಿಸುತ್ತೇವೆ. ಬಾಯಿ ಬಿಟ್ಟದ್ದು ಬೆಂದದ್ದಲ್ಲ, ಇನ್ನೂ ಐದು ನಿಮಿಷ ಕುದಿಯಲಿ. 1988ರಲ್ಲಿ ಶಾಂಘೈಯಲ್ಲಿ ಸರಿಯಾಗಿ ಬೇಯಿಸದ ಇಂಥ ಚಿಪ್ಪು ತಿಂದು ಸುಮಾರು 3 ಲಕ್ಷ ಜನ ಹೆಪಟೈಟಿಸ್ ಎಯಿಂದ ಮಲಗಿದರು.

ಬಸುರಿಗೆ ಕಾಮಾಲೆ ಕಂಡರೆ ಅದೇ ದಿನ ಆಸ್ಪತ್ರೆ. ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ತಗಲಿದವರಲ್ಲಿ ನೂರಕ್ಕೆ 20-25ರವರೆಗೂ ಸಾವು ಸಂಭವಿಸುತ್ತದೆ. ಹುಟ್ಟಿದ ಮಗುವಿಗೆ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಬಿತ್ತೇ ಎಂದು ಕೇಳಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ 6, 10, 14ನೇ ವಾರದ ಚುಚ್ಚುಮದ್ದುಗಳಲ್ಲೂ ಅದು ಸೇರಿರುತ್ತದೆ.

ಮಾಡಬಾರದ್ದು

ಬರೆ ಹಾಕಿಸಬೇಡಿ. ಮೂಗಿಗೆ ರಸ ಬಿಡಿಸಬೇಡಿ. ಏನು ಅರೆದಿದ್ದಾರೆಂದು ಗೊತ್ತಿಲ್ಲದ ಮದ್ದು ಕುಡಿಯಬೇಡಿ. "ನಮ್ಮ ಮಾವನಿಗೆ ಅದರಿಂದಲೇ ವಾಸಿಯಾಯಿತು" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಎ ಮತ್ತು ಇ ಹೆಚ್ಚಿನವರಲ್ಲಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ, ಹೆಸರು ಮಾತ್ರ ಮದ್ದಿಗೆ ಬರುತ್ತದೆ. ಬಿ ಮತ್ತು ಸಿ ಹಾಗಲ್ಲ: ಹಳದಿ ಇಳಿದರೂ, ಹಳದಿಯೇ ಬಾರದಿದ್ದರೂ, ವರ್ಷಗಟ್ಟಲೆ ಒಳಗೇ ಇದ್ದು ಲಿವರ್ ಗಟ್ಟಿಯಾಗಿಸಬಹುದು, ಕ್ಯಾನ್ಸರಿಗೂ ಒಯ್ಯಬಹುದು. ಡಿ ತಗಲುವುದು ಬಿ ಇದ್ದವರಿಗೆ ಮಾತ್ರ.

ಪಥ್ಯದ ಹೆಸರಲ್ಲಿ ರೋಗಿಯನ್ನು ಉಪವಾಸ ಕೆಡವಬೇಡಿ. ಗಂಜಿ, ಅನ್ನ, ಬೇಳೆ, ಚೆನ್ನಾಗಿ ಬೆಂದ ಮೀನು, ಸೇರಿದ್ದು ಕೊಡಿ. ಅಡುಗೆಯ ಅರಿಶಿನದಿಂದ ಕಣ್ಣು ಹಳದಿಯಾಗದು. ಹೆಂಡ ಒಂದು ಹನಿಯೂ ಬೇಡ, ಗೋವೆಯಿಂದ ತಂದ ಫೆನ್ನಿ "ಔಷಧ" ಎಂದರೂ ಬೇಡ. ಪ್ಯಾರಾಸಿಟಮಾಲ್ ಕೂಡ ಡಾಕ್ಟರನ್ನು ಕೇಳದೆ ನುಂಗಬಾರದು.

ಬಿ, ಸಿ ರಕ್ತದಿಂದ ಬರುತ್ತವೆ. ಬಿ ಲೈಂಗಿಕ ಸಂಪರ್ಕದಿಂದ, ತಾಯಿಯಿಂದ ಮಗುವಿಗೂ ಬರುತ್ತದೆ. ಬ್ಲೇಡು, ಹಲ್ಲುಜ್ಜುವ ಬ್ರಷ್, ಸೂಜಿ ಹಂಚಿಕೊಳ್ಳಬೇಡಿ. ಜಾತ್ರೆಯಲ್ಲಿ ಹತ್ತು ಜನರಿಗೆ ಒಂದೇ ಸೂಜಿಯಲ್ಲಿ ಹಾಕುವ ಹಚ್ಚೆ ಬೇಡ. ಒಣಗಿದ ರಕ್ತದಲ್ಲೂ ಬಿ ವೈರಸ್ 7 ದಿನ ಬದುಕಿರುತ್ತದೆ. ಆದರೆ ಬಿ, ಸಿ ಇದ್ದವರಿಗೆ ಬೇರೆ ತಟ್ಟೆ, ಬೇರೆ ಕೋಣೆ ಮಾಡುವುದು ಅನ್ಯಾಯ; ಜೊತೆಗೆ ಉಂಡರೆ, ತಬ್ಬಿದರೆ ಅದು ಹರಡದು. ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡು ಬಿಯ ಲಸಿಕೆ ಹಾಕಿಸಿಕೊಳ್ಳಿ. ಬಿಯ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ರೋಗಿ ಮಂಕಾದರೆ, ತಡೆತಡೆದು ಮಾತಾಡಿದರೆ, ಹಗಲೂ ನಿದ್ದೆಗೆ ಜಾರಿದರೆ, ರಕ್ತ ವಾಂತಿಯಾದರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಖರ್ಚಿಗೆ ಹೆದರಿ ಮನೆಯಲ್ಲಿ ಉಳಿಯಬೇಡಿ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಬಿ ಮತ್ತು ಸಿಯ ಪರೀಕ್ಷೆ, ಮಾತ್ರೆ ಎರಡೂ ಉಚಿತ. ಸಿ ಇದ್ದವರಲ್ಲಿ ಹೆಚ್ಚಿನವರು 12 ವಾರದ ಮಾತ್ರೆಯಿಂದ ಪೂರ್ತಿ ಗುಣವಾಗುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಪಡೆಯಿರಿ.