ಜೀಪಿನ ನೀರು ಎಲ್ಲಿಗೆ ಹೋಯಿತು?



ಮಲೆನಾಡಿನ ನಮ್ಮ ಊರುಗಳಲ್ಲಿ ಜೀಪಿಲ್ಲದೆ ಒಂದು ದಿನವೂ ನಡೆಯುವುದಿಲ್ಲ. ತೋಟಕ್ಕೆ ಆಳುಗಳು ಹೋಗುವುದು ಜೀಪಿನಲ್ಲಿ, ಕಾಫಿ ಚೀಲ ಬರುವುದು ಜೀಪಿನಲ್ಲಿ, ಬಸ್ಸಿಲ್ಲದ ಕಡೆಯಿಂದ ಬಸುರಿ ಹೆಂಗಸನ್ನು ಆಸ್ಪತ್ರೆಗೆ ತರುವುದೂ ಜೀಪಿನಲ್ಲೇ. ಎಷ್ಟೋ ಸದಸ್ಯೆಯರು ಸಂಘದಿಂದ ಸಾಲ ತೆಗೆದು ಗಂಡನಿಗೋ ಮಗನಿಗೋ ಹಳೇ ಜೀಪು ಕೊಡಿಸಿದ್ದಾರೆ. ಕಂತು ಕಟ್ಟುವವರು ನಾವು. ಆದರೆ ಬಾನೆಟ್ ಎತ್ತಿದ ಕೂಡಲೇ ‘ಅದು ಗಂಡಸರ ಕೆಲಸ’ ಅಂತ ದೂರ ನಿಲ್ಲುತ್ತೇವೆ.

ಒಬ್ಬ ಸದಸ್ಯೆಯ ಮನೆಯಲ್ಲಿ ಹೀಗೇ ಆಯಿತು. ಮಗ ದಿನಾ ಬೆಳಿಗ್ಗೆ ರೇಡಿಯೇಟರಿಗೆ ಒಂದು ಬಾಟಲಿ ನೀರು ಹಾಕುತ್ತಿದ್ದ. “ಯಾಕೋ ದಿನಾ ನೀರು?” ಅಂತ ತಾಯಿ ಕೇಳಿದರೆ, “ಹಳೇ ಗಾಡಿ ಅಲ್ವಾ ಅಮ್ಮ, ಸ್ವಲ್ಪ ನೀರು ಕುಡೀತದೆ” ಅಂದ. ಒಂದು ಬಾಟಲಿ ಎರಡಾಯಿತು. ಕಾಫಿ ಕೊಯ್ಲಿನ ದಿನಗಳಲ್ಲಿ ಆಳುಗಳನ್ನು ತುಂಬಿಕೊಂಡು ಏರು ಹತ್ತುವಾಗ ಇಂಜಿನ್ನಿನಿಂದ ಹಬೆ ಎದ್ದಿತು. ಗಾಬರಿಯಲ್ಲಿ ಅವನು ತೊರೆಯ ತಣ್ಣೀರು ತಂದು ಸುಡುವ ಇಂಜಿನ್ನಿನ ಮೇಲೆ ಸುರಿದ. ಹೆಡ್ ಬಿರುಕು ಬಿಟ್ಟಿತು. ಸಂಪಾದನೆಯ ಹೊತ್ತಿನಲ್ಲೇ ಗಾಡಿ ಒಂದು ತಿಂಗಳು ಗ್ಯಾರೇಜಿನಲ್ಲಿ ಕೂತಿತು, ಕಂತು ನಿಂತಿತು. ಆಮೇಲೆ ನೋಡಿದರೆ ಮೂಲ ಕಾರಣ ಏನು ಗೊತ್ತಾ? ಕೆಳಗಿನ ಹೋಸ್ ಪೈಪಿನ ಕ್ಲಿಪ್ ಸಡಿಲವಾಗಿತ್ತು. ಒಂದು ಸ್ಕ್ರೂ ಡ್ರೈವರ್, ಐದು ನಿಮಿಷದ ಕೆಲಸ.

ಜೀಪು ನೀರು ಕುಡಿಯುವುದಿಲ್ಲ. ಡೀಸೆಲ್ ಖರ್ಚಾಗುವ ಹಾಗೆ ನೀರು ಖರ್ಚಾಗುವ ವಸ್ತುವಲ್ಲ. ವಾಟರ್ ಪಂಪು ಅದನ್ನು ಇಂಜಿನ್ನಿನ ಒಳಗೆ ತಿರುಗಿಸುತ್ತದೆ, ಬಿಸಿಯಾದ ನೀರು ಮೇಲಿನ ಹೋಸಿನಿಂದ ಮುಂದಿನ ರೇಡಿಯೇಟರಿಗೆ ಬಂದು, ಗಾಳಿಗೆ ತಣಿದು, ಕೆಳಗಿನ ಹೋಸಿನಿಂದ ಮತ್ತೆ ಒಳಗೆ ಹೋಗುತ್ತದೆ. ಅದೇ ನೀರು ಸುತ್ತುತ್ತಲೇ ಇರಬೇಕು. ಆಗಾಗ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ.

ಕುಕ್ಕರಿನ ಲೆಕ್ಕ

ರೇಡಿಯೇಟರ್ ಕ್ಯಾಪ್ ಬರೀ ಮುಚ್ಚಳ ಅಲ್ಲ, ಅದು ನಮ್ಮ ಪ್ರೆಶರ್ ಕುಕ್ಕರಿನ ವೆಯ್ಟ್ ಇದ್ದ ಹಾಗೆ. ಚಿಕ್ಕಮಗಳೂರಿನಂತಹ, ಸುಮಾರು 1,090 ಮೀಟರ್ ಎತ್ತರದ ಊರಿನಲ್ಲಿ ತೆರೆದ ಪಾತ್ರೆಯ ನೀರು 96-97 ಡಿಗ್ರಿಗೇ ಕುದಿಯುತ್ತದೆ. ಇಂಜಿನ್ ಕೆಲಸ ಮಾಡುವ ಬಿಸಿಯೇ 80-95 ಡಿಗ್ರಿ. ಆದ್ದರಿಂದ ಒತ್ತಡ ಕೊಟ್ಟು ನೀರನ್ನು ಕುದಿಯದಂತೆ ತಡೆಯುತ್ತಾರೆ. ಕ್ಯಾಪಿನ ಮೇಲೆ 0.9 ಅಥವಾ 13 ಅಂತ ಬರೆದಿದ್ದರೆ ಅದು ಒತ್ತಡದ ಅಳತೆ. ಅಷ್ಟು ಒತ್ತಡದಲ್ಲಿ ನೀರು ಸುಮಾರು 20 ಡಿಗ್ರಿ ಹೆಚ್ಚಿಗೆ ಬಿಸಿ ತಾಳುತ್ತದೆ. ಕ್ಯಾಪಿನ ರಬ್ಬರ್ ಸತ್ತಿದ್ದರೆ, ಕುಕ್ಕರಿನ ಗ್ಯಾಸ್ಕೆಟ್ ಹೋದಾಗ ಆಗುವಂತೆಯೇ, ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿದು ಹೊರಗೆ ಹೋಗುತ್ತದೆ. ಎಷ್ಟೋ ಗಾಡಿಗಳ ‘ಹೀಟ್’ ರೋಗ ಹೊಸ ಕ್ಯಾಪ್ ಹಾಕಿದ್ದಕ್ಕೇ ವಾಸಿಯಾಗಿದೆ. ಆದರೆ ಅದೇ ಅಳತೆಯ ಕ್ಯಾಪೇ ಬೇಕು, ಸಿಕ್ಕಿದ್ದು ಹಾಕಬಾರದು.

ಕುಕ್ಕರ್ ಸೀಟಿ ಹೊಡೆಯುವಾಗ ನಾವು ಮುಚ್ಚಳ ತೆಗೆಯುತ್ತೇವಾ? ಬಿಸಿ ಇಂಜಿನ್ನಿನ ಕ್ಯಾಪನ್ನೂ ತೆಗೆಯಬಾರದು. ತೆಗೆದ ಕ್ಷಣ ಒತ್ತಡ ಬಿದ್ದು, ಒಳಗಿನ ನೀರು ಒಮ್ಮೆಲೇ ಹಬೆಯಾಗಿ ಮುಖಕ್ಕೆ ಚಿಮ್ಮುತ್ತದೆ. ಹಾಗೆ ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು ಬಿಡಿ, ತುಪ್ಪ, ಟೂತ್ ಪೇಸ್ಟ್, ಇಂಕು ಏನೂ ಹಚ್ಚಬೇಡಿ, ಶುಭ್ರ ಬಟ್ಟೆ ಮುಚ್ಚಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸೋರುವ ಜಾಗ ಹುಡುಕುವುದು

ರಾತ್ರಿ ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ನಿನ ಅಡಿಗೆ ಒಂದು ರಟ್ಟು ಹಾಸಿ. ಬೆಳಿಗ್ಗೆ ಅದರ ಮೇಲೆ ಎಲ್ಲಿ ಹನಿ ಬಿದ್ದಿದೆ ಅಂತ ನೋಡಿ, ಅದರ ನೇರ ಮೇಲಿನ ಭಾಗ ನೋಡಿ. ಕರಿ ಜಿಡ್ಡು ಇದ್ದರೆ ಆಯಿಲ್. ಹಸಿರು, ಕೆಂಪು ಅಥವಾ ತಿಳಿ ನೀರಾಗಿದ್ದರೆ ಅದು ನಾವು ಹುಡುಕುವುದು. ಎ.ಸಿ. ಇರುವ ಗಾಡಿಯಲ್ಲಿ ಬಣ್ಣವಿಲ್ಲದ ಸ್ವಲ್ಪ ನೀರು ಬೀಳುವುದು ಸಹಜ, ಅದಕ್ಕೆ ಹೆದರಬೇಡಿ.

ರಟ್ಟು ಒಣಗಿಯೇ ಇದ್ದರೆ ಸೋರಿಕೆ ಇಲ್ಲ ಅಂತ ಅಲ್ಲ. ಬಿಸಿ ಇಂಜಿನ್ನಿನ ಮೇಲೆ ಬಿದ್ದ ಹನಿ ಅಲ್ಲೇ ಆರಿ, ಬಿಳಿ ಅಥವಾ ಹಸಿರು ಕಲೆ ಬಿಡುತ್ತದೆ, ಸ್ನಾನದ ಹಂಡೆಯ ಅಂಚಿನಲ್ಲಿ ಉಪ್ಪು ಕಟ್ಟುವ ಹಾಗೆ. ಹೋಸಿನ ತುದಿ, ಕ್ಲಿಪ್, ರೇಡಿಯೇಟರಿನ ಬೆಸುಗೆ, ವಾಟರ್ ಪಂಪಿನ ಕೆಳಗೆ ಆ ಕಲೆ ಹುಡುಕಿ. ಪಂಪಿನ ಅಡಿಯಲ್ಲಿ ಒಂದು ಸಣ್ಣ ತೂತು ಇರುತ್ತದೆ. ಅಲ್ಲಿಂದ ನೀರು ಬರುತ್ತಿದ್ದರೆ ಒಳಗಿನ ಸೀಲ್ ಹೋಗಿದೆ. ಆ ತೂತಿಗೆ ಎಂ-ಸೀಲ್ ಮೆತ್ತುವವರಿದ್ದಾರೆ. ದಯವಿಟ್ಟು ಬೇಡ, ಪಂಪು ಕೆಟ್ಟದ್ದನ್ನು ಹೇಳಲಿಕ್ಕೇ ಆ ತೂತು ಇಟ್ಟಿರುವುದು.

ತಣ್ಣಗಿರುವಾಗ ಹೋಸುಗಳನ್ನು ಕೈಯಲ್ಲಿ ಹಿಚುಕಿ ನೋಡಿ. ಚಪಾತಿ ಹಿಟ್ಟಿನಂತೆ ಮೆತ್ತಗಿದ್ದರೂ ತಪ್ಪು, ಒಣ ಹಪ್ಪಳದಂತೆ ಬಿರುಕಿದ್ದರೂ ತಪ್ಪು. ಮನೆಯಲ್ಲಿ ಕಾಣದ ಸೋರಿಕೆಗೆ ಗ್ಯಾರೇಜಿನಲ್ಲಿ ಪ್ರೆಶರ್ ಹಾಕಿ ನೋಡುವ ಪಂಪು ಇರುತ್ತದೆ. “ಪ್ರೆಶರ್ ಹಾಕಿ ನೋಡಿದ್ರಾ? ಬಿಚ್ಚಿದ ಹಳೇ ಪಾರ್ಟ್ ತೋರಿಸಿ” ಅಂತ ಕೇಳಲು ಸಂಕೋಚ ಬೇಡ.

ಒಂದು ಎಚ್ಚರಿಕೆ: ಇಂಜಿನ್ ಓಡುವಾಗ ಸೆರಗು, ವೇಲು, ಜಡೆ ಫ್ಯಾನಿನ ಹತ್ತಿರ ಹೋಗಬಾರದು. ಹೊಸ ಗಾಡಿಗಳ ಕರೆಂಟ್ ಫ್ಯಾನು ಇಂಜಿನ್ ಆಫ್ ಆಗಿದ್ದರೂ ತಾನೇ ತಿರುಗಬಹುದು.

ಯಾವಾಗ ಬಿಸಿಯಾಗುತ್ತದೆ?

ಇದನ್ನು ಗಮನಿಸಿ ಹೇಳಿದರೆ ಮೆಕ್ಯಾನಿಕ್‌ನ ಅರ್ಧ ಕೆಲಸ ಮುಗಿದ ಹಾಗೆ. ನಿಂತಲ್ಲೇ ಅಥವಾ ಫಸ್ಟ್ ಗೇರಿನಲ್ಲಿ ನಿಧಾನ ಏರುವಾಗ ಮಾತ್ರ ಬಿಸಿಯಾಗಿ, ಟಾರು ರಸ್ತೆಯಲ್ಲಿ ಸರಿಯಾಗುತ್ತದೆ ಎಂದರೆ ಗಾಳಿ ಸಾಲುತ್ತಿಲ್ಲ. ಫ್ಯಾನ್ ನೋಡಬೇಕು, ಬೆಲ್ಟ್ ನೋಡಬೇಕು. ಇಂಜಿನ್ ನಿಲ್ಲಿಸಿ ಬೆಲ್ಟಿನ ನಡುವೆ ಹೆಬ್ಬೆರಳಿಂದ ಒತ್ತಿದರೆ ಸುಮಾರು ಅರ್ಧ ಇಂಚು ಬಗ್ಗಬೇಕು, ಅದಕ್ಕಿಂತ ತುಂಬಾ ಜಾಸ್ತಿ ಬಗ್ಗಿದರೆ ಸಡಿಲ. ನಮ್ಮ ಕಡೆ ಇನ್ನೊಂದು ಕಾರಣ ಕೆಸರು. ಮಳೆಗಾಲದ ತೋಟದ ದಾರಿಯ ಮಣ್ಣು, ಹುಲ್ಲಿನ ಬೀಜ, ತರಗೆಲೆ ರೇಡಿಯೇಟರಿನ ಸಣ್ಣ ಸಂದುಗಳಲ್ಲಿ ಕೂತು, ಬೇಸಿಗೆಯಲ್ಲಿ ಇಟ್ಟಿಗೆಯಂತೆ ಒಣಗುತ್ತದೆ. ತಣ್ಣಗಿರುವಾಗ ಇಂಜಿನ್ನಿನ ಕಡೆಯಿಂದ ಹೊರಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ. ಸರ್ವಿಸ್ ಸ್ಟೇಷನ್ನಿನ ಜೋರು ನೀರು ಹತ್ತಿರದಿಂದ ಬಿಟ್ಟರೆ ತೆಳು ತಗಡುಗಳು ಮಡಚಿಕೊಳ್ಳುತ್ತವೆ.

ಟಾರು ರಸ್ತೆಯಲ್ಲಿ ವೇಗವಾಗಿ ಓಡುವಾಗಲೇ ಬಿಸಿಯಾದರೆ ನೀರಿನ ಓಟ ಸರಿಯಿಲ್ಲ, ರೇಡಿಯೇಟರ್ ಒಳಗೆ ಕಟ್ಟಿರಬಹುದು. ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತಿಗೇ ಮೀಟರ್ ಏರಿ, ಮೇಲಿನ ಹೋಸ್ ಮಾತ್ರ ತಣ್ಣಗೇ ಇದ್ದರೆ ಥರ್ಮೋಸ್ಟಾಟ್ ಮುಚ್ಚಿಕೊಂಡಿರಬಹುದು. ಅದನ್ನು ಕಿತ್ತು ಬಿಸಾಡಿ “ಇದು ನಮ್ಮ ದೇಶಕ್ಕೆ ಬೇಡ” ಅನ್ನುವ ಮೆಕ್ಯಾನಿಕ್‌ಗಳಿದ್ದಾರೆ. ನನ್ನ ಮಟ್ಟಿಗೆ ಅದು ಸರಿಯಲ್ಲ. ಇಂಜಿನ್ ಬೇಕಾದಷ್ಟು ಬಿಸಿಯಾಗದೆ ಡೀಸೆಲ್ ಜಾಸ್ತಿ ತಿನ್ನುತ್ತದೆ, ಸವೆತವೂ ಹೆಚ್ಚು. ಹೊಸದು ಹಾಕಿಸಿ.

ಹೊರಗೆಲ್ಲೂ ಸೋರಿಕೆ ಕಾಣದೆ ನೀರು ಕಡಿಮೆಯಾಗುತ್ತಿದ್ದರೆ ಇಂಜಿನ್ನಿನ ಒಳಗೇ ಹೋಗುತ್ತಿರಬಹುದು. ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಗುರುತುಗಳಿವು: ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಲ್ಲಿ ನಿಲ್ಲದ ಬಿಳಿ ಹೊಗೆ, ಆಯಿಲ್ ನೋಡುವ ಕಡ್ಡಿಯಲ್ಲಿ ಹಾಲು ಹಾಕಿದ ಕಾಫಿಯ ಬಣ್ಣ, ತಣ್ಣಗಿರುವಾಗ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿದರೆ ನಿಲ್ಲದೆ ಬರುವ ಗುಳ್ಳೆಗಳು. ಇದರಲ್ಲಿ ಒಂದು ಕಂಡರೂ ಗಾಡಿ ಬಾಡಿಗೆಗೆ ಕಳಿಸಬೇಡಿ. ಗ್ಯಾಸ್ಕೆಟ್ ಹಂತದಲ್ಲೇ ನಿಲ್ಲಿಸಿದರೆ ಉಳಿಯುವ ಹೆಡ್ಡು, ನಾಲ್ಕು ಟ್ರಿಪ್ ಹೊಡೆದರೆ ಉಳಿಯುವುದಿಲ್ಲ.

ದಾರಿಯಲ್ಲಿ ಹಬೆ ಎದ್ದರೆ

ಮೊದಲು ಗಾಡಿಯನ್ನು ಬದಿಗೆ ಹಾಕಿ ಇಂಜಿನ್ ನಿಲ್ಲಿಸಬೇಕು. ‘ಇನ್ನು ಒಂದೇ ತಿರುವು, ಹತ್ತಿಸಿಬಿಡೋಣ’ ಅನ್ನುವುದೇ ಹೆಡ್ ಸುಡುವ ದಾರಿ. ಜನರನ್ನು ಇಳಿಸಿ, ಗಾಲಿಗೆ ಕಲ್ಲು ಕೊಡಿ. ಕನಿಷ್ಠ ಅರ್ಧ ಗಂಟೆ ಕಾಯಿರಿ. ಮೇಲಿನ ಹೋಸ್ ಕೈಗೆ ತಣ್ಣಗಾಗಿ, ಹಿಚುಕಿದರೆ ಮೆತ್ತಗೆ ಆಗುವವರೆಗೂ ಕ್ಯಾಪ್ ಮುಟ್ಟಬೇಡಿ. ನಂತರ ದಪ್ಪ ಬಟ್ಟೆ ಹಾಕಿ, ಮುಖ ಹಿಂದಿಟ್ಟು, ಅರ್ಧ ತಿರುಗಿಸಿ ‘ಸುಸ್’ ಸದ್ದು ನಿಂತ ಮೇಲೆ ಪೂರ್ತಿ ತೆಗೆಯಿರಿ. ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಸ್ವಲ್ಪವಾಗಿ ನೀರು ಸೇರಿಸಿ.

ಮೀಟರಿನ ಮುಳ್ಳನ್ನು ಪೂರ್ತಿ ನಂಬುವ ಹಾಗೂ ಇಲ್ಲ. ನೀರೇ ಖಾಲಿಯಾಗಿದ್ದರೆ ಬಿಸಿ ಅಳೆಯುವ ಸೆನ್ಸರ್ ಗಾಳಿಯಲ್ಲಿ ಉಳಿದು, ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಬಿಸಿ ವಾಸನೆ ಬಂದು, ಗಾಡಿ ಎಳೆಯದೆ ಹೋದರೆ ಮುಳ್ಳು ಎಲ್ಲಿದ್ದರೂ ನಿಲ್ಲಿಸಿ.

ತುರ್ತಿಗೆ ಬರೀ ನೀರು ನಡೆಯುತ್ತದೆ. ದಿನವೂ ಬಾವಿ ನೀರೇ ಹಾಕಿದರೆ ಒಳಗೆ ತುಕ್ಕು, ಉಪ್ಪು ಕಟ್ಟುತ್ತದೆ. ಕೂಲೆಂಟ್ ತುಕ್ಕು ತಡೆಯುತ್ತದೆ, ಬೇಗ ಕುದಿಯಲು ಬಿಡುವುದಿಲ್ಲ. ಡಬ್ಬದ ಮೇಲೆ ಹೇಳಿದ ಪ್ರಮಾಣದಲ್ಲೇ ಬೆರೆಸಬೇಕು. ಆದರೆ ಸಾಮಾನ್ಯ ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ, ಅದೂ ರುಚಿಗೆ ಸಿಹಿ. ಅಂಗಳದಲ್ಲಿ ಚೆಲ್ಲಿದ್ದನ್ನು ನಾಯಿ, ಕರು ನೆಕ್ಕಿದರೆ ಸಾಯಬಹುದು, ಮಕ್ಕಳ ಜೀವಕ್ಕೂ ಅಪಾಯ. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡಲೇಬೇಡಿ.

ನಮ್ಮ ಕೈಯಲ್ಲಿರುವ ಪುಸ್ತಕ

ಉಳಿತಾಯದ ಲೆಕ್ಕ ಬರೆಯಲು ನಮಗೆ ಗೊತ್ತು. ಜೀಪಿಗೂ ಒಂದು ನೋಟ್ ಪುಸ್ತಕ ಇಡಿ. ತಾರೀಕು, ಹಾಕಿದ ನೀರು, ಹೋದ ದಾರಿ, ಮೂರೇ ಸಾಲು. ಸೋಮವಾರ ಅರ್ಧ ಲೀಟರ್, ಗುರುವಾರ ಒಂದು, ಮುಂದಿನ ಸೋಮವಾರ ಒಂದೂವರೆ ಅಂತಿದ್ದರೆ ಆ ವಾರವೇ ಗ್ಯಾರೇಜಿಗೆ ಕಳಿಸಿ. ಮುಂದಿನ ಸಭೆಗೆ ಜೀಪಿರುವ ಸದಸ್ಯೆಯರು ಗಾಡಿ ತರಿಸಿ, ಒಂದು ಗಂಟೆ ಮುಂಚೆಯೇ ನಿಲ್ಲಿಸಿರಲಿ. ಇಂಜಿನ್ ತಣ್ಣಗಾದ ಮೇಲೆ ಬಾನೆಟ್ ಎತ್ತಿ, ಮೇಲಿನ ಹೋಸ್, ಕೆಳಗಿನ ಹೋಸ್, ಬೆಲ್ಟ್, ಕ್ಯಾಪ್ ನಾಲ್ಕನ್ನೂ ಎಲ್ಲರೂ ಒಮ್ಮೆ ಕೈಯಿಂದ ಮುಟ್ಟಿ ನೋಡೋಣ.