ಹೆಜ್ಜೇನಿನ ಮರದಡಿ ನಡೆಯುವ ಮುನ್ನ

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿಯ ಫಲಪುಷ್ಪ ಪ್ರದರ್ಶನವೂ ಹೆಜ್ಜೇನಿನ ಕಾಲವೂ ಒಟ್ಟಿಗೇ ಬರುತ್ತವೆ. 240 ಎಕರೆಯ ಈ ತೋಟದ ಎತ್ತರದ ಮರಗಳಲ್ಲಿ ತೂಗುವ ಹುಟ್ಟುಗಳನ್ನು ಕಂಡು ಬೆರಗಾದವರು, ಬೆದರಿದವರು ಇಬ್ಬರೂ ಬರೆದಿದ್ದಾರೆ. ಆಯ್ದ ಪ್ರಶ್ನೆಗಳಿಗೆ ನಮ್ಮ ಜೇನು ತಜ್ಞರು ಉತ್ತರಿಸಿದ್ದಾರೆ.

ಪ್ರಶ್ನೆ: ಮೊಮ್ಮಕ್ಕಳನ್ನು ಲಾಲ್‌ಬಾಗಿಗೆ ಕರೆದೊಯ್ಯುವ ಆಸೆ. ‘ಅಲ್ಲಿ ಮರಮರದಲ್ಲೂ ಹೆಜ್ಜೇನು, ಬೇಡವೇ ಬೇಡ’ ಎನ್ನುತ್ತಾಳೆ ಸೊಸೆ. ಹೋಗಬಹುದೇ?
— ಅಜ್ಜಿ, ಜಯನಗರ

ಉತ್ತರ: ಧಾರಾಳವಾಗಿ ಹೋಗಿ. ಹೆಜ್ಜೇನು ಕಾರಣವಿಲ್ಲದೆ ಏಳುವುದಿಲ್ಲ. ಮೇವಿಗೆ ಹೊರಟ ಸಾವಿರಾರು ನೊಣಗಳು ದಿನವಿಡೀ ನಿಮ್ಮ ತಲೆಯ ಮೇಲಿಂದಲೇ ಹಾದುಹೋಗುತ್ತಿರುತ್ತವೆ; ಅವುಗಳಿಗೆ ನಿಮ್ಮ ಗೊಡವೆಯೇ ಇಲ್ಲ. ಅವು ಏಳುವುದು ಯಾರೋ ಕಲ್ಲು ಬೀರಿದಾಗ, ಹೊಗೆ ತಾಗಿದಾಗ, ಗಾಳಿಗೆ ಕೊಂಬೆ ಮುರಿದಾಗ, ಇಲ್ಲವೇ ಹದ್ದು, ಜೇನುಗಿಡುಗ ಬಂದು ಎರಿಗೆ ಎರಗಿದಾಗ. ಎರಗಿದ ಹಕ್ಕಿ ಹಾರಿಹೋಗುತ್ತದೆ, ಕೆಳಗಿದ್ದವರು ಸಿಕ್ಕಿಬೀಳುತ್ತಾರೆ.

ಆದ್ದರಿಂದ ನಿಮ್ಮ ಎಚ್ಚರ ಇಷ್ಟಿರಲಿ. ಹುಟ್ಟಿನ ನೇರ ಕೆಳಗೆ ಚಾಪೆ ಹಾಸಿ ಬುತ್ತಿ ಬಿಚ್ಚಬೇಡಿ. ಘಾಟು ಸುಗಂಧ ಪೂಸಿಕೊಂಡು ಹೋಗಬೇಡಿ. ಕುಡಿಯುವ ಮೊದಲು ಕಬ್ಬಿನ ಹಾಲಿನ ಲೋಟದೊಳಗೆ ಒಮ್ಮೆ ಇಣುಕಿ. ಒಂದೆರಡು ನೊಣ ನಿಮ್ಮ ಮುಖದ ಸುತ್ತಲೇ ಗುಂಯ್‌ಗುಡುತ್ತ ಬಂದು ಢಿಕ್ಕಿ ಹೊಡೆದರೆ ಅದು ಎಚ್ಚರಿಕೆ. ಕೈ ಬೀಸದೆ, ಮಕ್ಕಳ ಕೈ ಹಿಡಿದು ಬಂದ ದಾರಿಯಲ್ಲೇ ಹಿಂದಿರುಗಿ.

ಪ್ರಶ್ನೆ: ಬೆಳಗಿನ ನಡಿಗೆಯಲ್ಲಿ ಹುಟ್ಟೊಂದನ್ನು ನೋಡುತ್ತ ನಿಂತಿದ್ದೆ. ಇದ್ದಕ್ಕಿದ್ದಂತೆ ಅದರ ಮೈಮೇಲೆ ಅಲೆಯೊಂದು ಸರ್ರನೆ ಹರಿದು ಮಾಯವಾಯಿತು. ಮತ್ತೆ ಮತ್ತೆ ಹಾಗೇ ಆಯಿತು. ಅವಕ್ಕೆ ಸಿಟ್ಟು ಬಂದಿತ್ತೇ?
— ನಿವೃತ್ತ ಬ್ಯಾಂಕ್ ನೌಕರ, ಬಸವನಗುಡಿ

ಉತ್ತರ: ನೀವು ಕಂಡದ್ದು ಹೆಜ್ಜೇನಿನ ಕಾವಲು. ತುಡುವೆ ಜೇನಿಗೆ ಪೊಟರೆಯ ಗೋಡೆಯ ರಕ್ಷಣೆ ಇದೆ. ಹೆಜ್ಜೇನಿನದು ಬಯಲಿನಲ್ಲಿ ತೂಗುವ ಒಂದೇ ಎರಿ. ಕೆಲವೊಮ್ಮೆ ಒಂದು ಮೀಟರಿಗೂ ಅಗಲ. ಅದನ್ನು ಮುಚ್ಚಿರುವುದು ನೊಣಗಳ ಮೈಯೇ. ದೊಡ್ಡ ಕಣಜವೊಂದು ಹತ್ತಿರ ಸುಳಿದರೆ ಹೊರಪದರದ ನೊಣಗಳು ಒಂದರ ಬೆನ್ನಿಗೆ ಒಂದು ಹಿಂಭಾಗ ಎತ್ತಿ ಇಳಿಸುತ್ತವೆ. ಅಲೆ ಕ್ಷಣಾರ್ಧದಲ್ಲಿ ಇಡೀ ಎರಿಯನ್ನು ದಾಟುತ್ತದೆ. ಯಾವ ನೊಣವನ್ನು ಹಿಡಿಯುವುದೆಂದು ತೋಚದೆ ಕಣಜ ಹಿಂದೆಗೆಯುತ್ತದೆ. ಒಂದು ನೊಣವೂ ಪ್ರಾಣ ಕಳೆದುಕೊಳ್ಳದೆ ಶತ್ರು ದೂರವಾಗುತ್ತದೆ. ಅಲೆ ಕಂಡಾಗ ದೂರದಲ್ಲಿದ್ದರೆ ನಿಂತು ನೋಡಿ, ಹತ್ತಿರವಿದ್ದರೆ ಸರಿದುಕೊಳ್ಳಿ. ಎರಿಯ ಅಂಚಿನಿಂದ ನೊಣಗಳು ಗೊಂಚಲು ಗೊಂಚಲಾಗಿ ಜಾರಿ ಹಾರತೊಡಗಿದರೆ ಮಾತ್ರ ಅಲ್ಲಿಂದ ಬೇಗ ಹೊರಡಿ.

ಪ್ರಶ್ನೆ: ಐದನೇ ತರಗತಿಯ ಮಕ್ಕಳನ್ನು ‘ಜೇನು ನೋಡಲು’ ಕರೆದೊಯ್ಯುತ್ತಿದ್ದೇನೆ. ದೂರದಿಂದ ಕರಿ ಹುಟ್ಟು ತೋರಿಸಿ ವಾಪಸು ಬರುವುದು ಬಿಟ್ಟು ಇನ್ನೇನು ಮಾಡಬಹುದು?
— ಶಾಲಾ ಶಿಕ್ಷಕಿ, ರಾಜಾಜಿನಗರ

ಉತ್ತರ: ನಸರಿಯಿಂದ ಶುರು ಮಾಡಿ. ಕರಾವಳಿಯವರ ಮುಜಂಟಿ ಜೇನೇ ಇದು. ಸೊಳ್ಳೆಯಷ್ಟೇ ಗಾತ್ರ, ಚುಚ್ಚುವ ಮುಳ್ಳಿಲ್ಲ. ಹಳೆಯ ಗೋಡೆಯ ಸಂದಿನಲ್ಲಿ, ಮರದ ಬಿರುಕಿನಲ್ಲಿ ಮೇಣ ಮತ್ತು ಅಂಟಿನಿಂದ ಮಾಡಿದ ಪುಟ್ಟ ಕೊಳವೆಯಂಥ ಬಾಗಿಲು ಕಂಡರೆ ಅದೇ ನಸರಿಯ ಮನೆ. ಮಕ್ಕಳು ಪಕ್ಕದಲ್ಲೇ ಕೂತು ಯಾವ ನೊಣದ ಕಾಲಲ್ಲಿ ಪರಾಗದ ಉಂಡೆ ಇದೆ ಎಂದು ಎಣಿಸಬಹುದು.

ಬಳಿಕ ಪೊದೆಗಳನ್ನು ನೋಡಿ. ಅಂಗೈಯಗಲದ ಎರಿ ಕಡ್ಡಿಯೊಂದನ್ನು ಸುತ್ತಿಕೊಂಡಿದ್ದರೆ ಅದು ಕೋಲುಜೇನು. ಮುಟ್ಟದಿದ್ದರೆ ಸಾಕು, ನಾಲ್ಕು ಹೆಜ್ಜೆ ದೂರದಿಂದ ನೋಡಬಹುದು. ಹೂವಿನಿಂದ ಹೂವಿಗೆ ಒಂಟಿಯಾಗಿ ಹಾರುವ, ಹೊಟ್ಟೆಯ ಮೇಲೆ ನೀಲಿ ಪಟ್ಟೆಯುಳ್ಳ ಜೇನೂ ಸಿಗಬಹುದು. ಅದು ಗುಂಯ್‌ಗುಟ್ಟಿ ಹೂವನ್ನೇ ಅಲುಗಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಬದನೆ, ಟೊಮೆಟೊ ಕಾಯಿ ಕಚ್ಚುವುದಕ್ಕೆ ಇಂಥ ಜೇನುಗಳ ನೆರವು ದೊಡ್ಡದು.

ಕೊನೆಗೆ ಹೆಜ್ಜೇನು, ಅದೂ ಬೈನಾಕ್ಯುಲರ್‌ನಲ್ಲಿ. ಎರಿಯ ಕೆಳತುದಿಯನ್ನು ಗುರಿಯಿಟ್ಟು ನೋಡಲು ಹೇಳಿ; ನೊಣಗಳು ಹೋಗಿಬರುವ ಹೆಬ್ಬಾಗಿಲು ಅದು. ಮೇವು ಕಂಡುಬಂದ ನೊಣ ಅಲ್ಲಿ ಸೊಂಟ ಅಲುಗಿಸುತ್ತ ಕುಣಿಯುತ್ತದೆ. ನೇರ ಮೇಲ್ಮುಖವಾಗಿ ಓಡಿದರೆ ‘ಸೂರ್ಯನಿರುವ ದಿಕ್ಕಿಗೆ ಹೋಗಿ’ ಎಂದರ್ಥ. ಓರೆಯಾದರೆ ಸೂರ್ಯನಿಂದ ಅಷ್ಟೇ ಓರೆ. ಕುಣಿತ ಉದ್ದವಾದಷ್ಟೂ ಹೂವು ದೂರ. ಜೇನಿನ ಈ ಭಾಷೆಯನ್ನು ಬಿಡಿಸಿದ ಕಾರ್ಲ್ ಫಾನ್ ಫ್ರಿಶ್ ಅವರಿಗೆ 1973ರಲ್ಲಿ ನೊಬೆಲ್ ಬಂತು. ಪೆಟ್ಟಿಗೆ ಜೇನಿನಲ್ಲಿ ಇದು ಕತ್ತಲೊಳಗೆ ನಡೆಯುತ್ತದೆ. ಹೆಜ್ಜೇನು ಬಯಲಲ್ಲೇ ಕುಣಿಯುವುದರಿಂದ ನಿಮ್ಮ ಮಕ್ಕಳಿಗೆ ಅದೃಷ್ಟ.

ಪ್ರಶ್ನೆ: ಉದ್ಯಾನದ ಬಳಿ ನಿಲ್ಲಿಸಿದ ಬಿಳಿ ಕಾರಿನ ಮೇಲೆಲ್ಲ ಹಳದಿ ಚುಕ್ಕೆ. ಮರದ ಅಂಟೇ, ರಾಸಾಯನಿಕವೇ?
— ಸಾಫ್ಟ್‌ವೇರ್ ಉದ್ಯೋಗಿ, ವಿಲ್ಸನ್ ಗಾರ್ಡನ್

ಉತ್ತರ: ಎರಡೂ ಅಲ್ಲ, ಹೆಜ್ಜೇನಿನ ಹಿಕ್ಕೆ. ಹುಟ್ಟು ಹೊಲಸಾಗದಂತೆ ನೊಣಗಳು ಗುಂಪಾಗಿ ಮೇಲೆ ಹಾರಿ ಹಗುರಾಗಿ ಬರುತ್ತವೆ. ಹಳದಿ ಬಣ್ಣ ಜೀರ್ಣವಾದ ಪರಾಗದ್ದು. ಈ ಚುಕ್ಕೆಗೊಂದು ಅಂತರರಾಷ್ಟ್ರೀಯ ಚರಿತ್ರೆಯೂ ಇದೆ. 1981ರಲ್ಲಿ ಅಮೆರಿಕ ಸರ್ಕಾರ, ಲಾವೋಸ್ ಮತ್ತು ಕಾಂಬೋಡಿಯದಲ್ಲಿ ಬಿದ್ದ ‘ಹಳದಿ ಮಳೆ’ ಸೋವಿಯತ್ ಬೆಂಬಲದ ವಿಷಾಸ್ತ್ರ ಎಂದು ಆರೋಪಿಸಿತು. ವಿಜ್ಞಾನಿಗಳಾದ ಮ್ಯಾಥ್ಯೂ ಮೆಸೆಲ್ಸನ್, ಥಾಮಸ್ ಸೀಲಿ ಮತ್ತು ಸಂಗಡಿಗರು ಸಂಗ್ರಹಿಸಿದ್ದ ಚುಕ್ಕೆಗಳು ಹೆಚ್ಚಾಗಿ ಪರಾಗವೇ ಎಂದು ಕಂಡರು. ಥಾಯ್ಲೆಂಡಿನಲ್ಲಿ ಖುದ್ದಾಗಿ ಜೇನಿನ ಹಳದಿ ಮಳೆಯನ್ನೂ ನೋಡಿಬಂದರು. ನಿಮ್ಮ ಕಾರಿಗೆ ಒದ್ದೆ ಬಟ್ಟೆ ಸಾಕು.

ಪ್ರಶ್ನೆ: ಜೇನು ಎದ್ದರೆ ಕೆರೆಗೆ ಹಾರಬೇಕು, ಕಚ್ಚಿದಲ್ಲಿ ಸುಣ್ಣ ಹಚ್ಚಬೇಕು ಎನ್ನುತ್ತಾರೆ. ನಿಜವೇ?
— ಕಾಲೇಜು ವಿದ್ಯಾರ್ಥಿ, ತುಮಕೂರು

ಉತ್ತರ: ಎರಡೂ ಬೇಡ. ನೀರೊಳಗೆ ಮುಳುಗಿದರೆ ನೊಣಗಳು ಮೇಲೆಯೇ ಸುತ್ತುತ್ತವೆ, ಉಸಿರಿಗೆ ತಲೆ ಎತ್ತಿದಾಗ ಮುತ್ತುತ್ತವೆ. ಈಜು ಬಾರದವರಿಗೆ ಕೆರೆಯೇ ಮೃತ್ಯು. ಅಂಗಿಯನ್ನೋ ಸೆರಗನ್ನೋ ತಲೆ ಮುಖದ ಮೇಲೆ ಎಳೆದುಕೊಂಡು, ದಾರಿ ಕಾಣುವಷ್ಟು ಸಂದು ಬಿಟ್ಟು, ನಿಲ್ಲದೆ ಓಡಿ. ಬಾಗಿಲು ಮುಚ್ಚುವ ಕಟ್ಟಡ, ಕಾರು ಯಾವುದಾದರೂ ಸರಿ. ನೊಣವನ್ನು ಹೊಡೆಯಬೇಡಿ. ಚುಚ್ಚಿದ ಜಾಗದಿಂದ ಬಾಳೆಹಣ್ಣಿನ ವಾಸನೆಯ ರಾಸಾಯನಿಕವೊಂದು ಹೊಮ್ಮಿ ಉಳಿದ ನೊಣಗಳಿಗೆ ಗುರುತು ತೋರಿಸುತ್ತದೆ.

ಸುರಕ್ಷಿತ ಜಾಗ ಸೇರಿದ ತಕ್ಷಣ ಮುಳ್ಳು ತೆಗೆಯಿರಿ. ನೊಣ ಹಾರಿಹೋದರೂ ಅದರ ವಿಷದ ಚೀಲ ಸ್ವಲ್ಪ ಹೊತ್ತು ಒತ್ತುತ್ತಲೇ ಇರುತ್ತದೆ. ಕೆರೆದು ತೆಗೆಯಬೇಕೋ ಚಿವುಟಿ ಕೀಳಬೇಕೋ ಎಂಬ ವಾದಕ್ಕಿಂತ ಬೇಗ ತೆಗೆಯುವುದು ಮುಖ್ಯ. ಸೋಪಿನಿಂದ ತೊಳೆದು ತಣ್ಣೀರಿನ ಪಟ್ಟಿ ಇಡಿ. ವಿಷ ಚರ್ಮದ ಒಳಗಿರುವುದರಿಂದ ಮೇಲೆ ಹಚ್ಚಿದ ಸುಣ್ಣ ಅದನ್ನು ತಲುಪದು, ಚರ್ಮವನ್ನು ಮಾತ್ರ ಸುಟ್ಟೀತು. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ತಲೆ ಸುತ್ತಿದರೆ, ಮೈಯೆಲ್ಲ ದದ್ದು ಎದ್ದರೆ ಒಂದೇ ಕಡಿತವಾದರೂ ತಡಮಾಡದೆ 108ಕ್ಕೆ ಕರೆಮಾಡಿ. ಹತ್ತಾರು ಕಡಿತವಾದವರು ಚೆನ್ನಾಗಿದ್ದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ವಿಷ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದು.

ಪ್ರಶ್ನೆ: ಲಾಲ್‌ಬಾಗಿನಲ್ಲಿ ಮಳೆಗಾಲದಲ್ಲಿ ಹುಡುಕಿದರೂ ಹೆಚ್ಚು ಹುಟ್ಟು ಕಾಣಲಿಲ್ಲ. ಎಲ್ಲಿ ಹೋಗುತ್ತವೆ? ನಮ್ಮ ಅಪಾರ್ಟ್‌ಮೆಂಟಿನ ಸಜ್ಜದ ಕೆಳಗೂ ಒಂದು ಕಟ್ಟಿದೆ. ಔಷಧ ಹೊಡೆಸೋಣ ಎನ್ನುತ್ತಿದ್ದಾರೆ.
— ನಿವಾಸಿಗಳ ಸಂಘದ ಕಾರ್ಯದರ್ಶಿ, ಜೆ.ಪಿ. ನಗರ

ಉತ್ತರ: ಹೆಜ್ಜೇನು ವಲಸೆಯ ಜೀವಿ. ನಮ್ಮ ಬಯಲುಸೀಮೆಗೆ ಮಳೆ ನಿಂತ ಮೇಲೆ ಬಂದು, ಬೂರುಗ, ಹೊಂಗೆ, ಬೇವು, ನೇರಳೆಗಳ ಹೂ ಮುಗಿಸಿ, ಮುಂಗಾರಿನ ಹೊತ್ತಿಗೆ ಬಹುಪಾಲು ಹೊರಟುಬಿಡುತ್ತದೆ. ಅದೇ ರಾಣಿಯ ಕುಟುಂಬ ಮರುವರ್ಷ ಅದೇ ಜಾಗಕ್ಕೆ ಮರಳುವುದನ್ನು ಡಿಎನ್‌ಎ ಪರೀಕ್ಷೆಗಳು ತೋರಿಸಿವೆ. ಹೊಸಕೋಟೆ ತಾಲ್ಲೂಕಿನ ರಾಮಗೋವಿಂದಪುರದ ಆಲದ ಮರವೊಂದರಲ್ಲಿ ನೂರಾರು ಹುಟ್ಟು ಒಟ್ಟಿಗೆ ತೂಗುವುದು ಜೇನು ಅಧ್ಯಯನ ಮಾಡುವವರಿಗೆಲ್ಲ ಗೊತ್ತು.

ನಿಮ್ಮ ಸಜ್ಜದ ಹುಟ್ಟಿಗೂ ಇದೇ ಲೆಕ್ಕ: ಮೇ–ಜೂನ್‌ವರೆಗೆ ತಾಳಿದರೆ ತಾನೇ ಖಾಲಿ ಮಾಡುತ್ತದೆ. ಅಲ್ಲಿಯತನಕ ಆ ಬದಿಯ ಕಿಟಕಿ ಮುಚ್ಚಿ, ರಾತ್ರಿ ಬಾಲ್ಕನಿಯ ದೀಪ ಆರಿಸಿ. ಬೆಳಕಿಗೆ ಅವು ಒಳಗೆ ನುಗ್ಗುತ್ತವೆ. ಔಷಧ ಹೊಡೆದರೆ, ಬೆಂಕಿ ಹಿಡಿದರೆ ಸಾಯದೆ ಉಳಿದ ನೊಣಗಳು ಇಡೀ ಬೀದಿಯ ಮೇಲೆ ಏಳುತ್ತವೆ. ಅಂಗವಿಕಲರು, ಅಲರ್ಜಿಯವರು ಇರುವ ಮನೆಯಾಗಿದ್ದು ತೆರವು ಅನಿವಾರ್ಯವಾದರೆ, ಕೊಲ್ಲದೆ ಎಬ್ಬಿಸಬಲ್ಲ ಅನುಭವಿ ಜೇನು ತಜ್ಞರನ್ನೇ ಕರೆಸಿ. ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಿಕೊಡುತ್ತೇವೆ ಎಂದು ಹಣ ಕೇಳಿದರೆ ಕೊಡಬೇಡಿ. ಅದು ಪೆಟ್ಟಿಗೆಗೆ ಒಗ್ಗುವ ಜೇನಲ್ಲ. ಜಾಗ ಖಾಲಿಯಾದ ಮೇಲೆ ಸಜ್ಜಕ್ಕೆ ಬಲೆ ಕಟ್ಟಿಸಿ. ಮುಂದಿನ ವರ್ಷ ಅವು ಬೇರೆ ಮರ ನೋಡಿಕೊಳ್ಳುತ್ತವೆ. ಹಾಗೆ ನೋಡಿಕೊಳ್ಳಲು ನಿಮ್ಮ ಬಡಾವಣೆಯಲ್ಲಿ ಎತ್ತರದ ಮರ ಉಳಿಸುವ ಕೆಲಸವನ್ನು ಸಂಘದ ಮುಂದಿನ ಸಭೆಯ ಪಟ್ಟಿಗೆ ಸೇರಿಸಿ.