ರಿಮೋಟ್ ಬಗ್ಗಿಯನ್ನು ಹದಕ್ಕೆ ತರುವುದು ಹೇಗೆ?



ಎತ್ತಿನ ಗಾಡಿ ಹೂಡುವ ಮೊದಲು ಹಿರಿಯರು ಏನು ಮಾಡುತ್ತಿದ್ದರು? ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಗಾಲಿ ತಿರುಗಿಸಿ ನೋಡುತ್ತಿದ್ದರು. ಎತ್ತು ಎಷ್ಟೇ ಗಟ್ಟಿ ಇರಲಿ, ಗಾಲಿ ಬಿಗಿದುಕೊಂಡರೆ ಗಾಡಿ ಮುಂದೆ ಹೋಗೋದಿಲ್ಲ. ಈ ಪಾಠದ ಗಾಡಿ ಬಹಳ ಚಿಕ್ಕದು. ಎರಡೂ ಕೈಯಲ್ಲಿ ಎತ್ತಿ ಹಿಡಿಯಬಹುದು. ಎತ್ತಿನ ಬದಲು ಇದರಲ್ಲಿ ಬ್ಯಾಟರಿ ಮತ್ತು ಮೋಟಾರು ಇವೆ. ಆದರೆ ನಿಯಮ ಅದೇ.

ಮನೆಯ ಹುಡುಗರು ರಿಮೋಟ್ ಬಗ್ಗಿ ತಂದರೆ ಮೊದಲು ಕೇಳುವುದು "ಇನ್ನೂ ಜೋರಾಗಿ ಓಡಬೇಕು" ಅಂತ. ಕೂಡಲೇ ದೊಡ್ಡ ಮೋಟಾರು ಕೊಳ್ಳುತ್ತಾರೆ. ವಾರದಲ್ಲಿ ಗೇರಿನ ಹಲ್ಲು ಮುರಿಯುತ್ತದೆ, ಇಲ್ಲವೇ ಮೋಟಾರು ಸುಡುತ್ತದೆ. ಹಣವೂ ಹೋಯಿತು, ಗಾಡಿಯೂ ನಿಂತಿತು. ಹೀಗಾಗದಂತೆ ಏನು ಮಾಡಬೇಕು? ಅದನ್ನೇ ಇಲ್ಲಿ ಓದೋಣ.

1. ಬಗ್ಗಿ ಅಂದರೆ ಏನು?

ಮಣ್ಣು, ಮರಳು, ಹುಲ್ಲಿನ ಮೇಲೆ ಓಡುವ ಹಗುರ ಗಾಡಿಗೆ ಬಗ್ಗಿ ಎನ್ನುತ್ತಾರೆ. ನಿಜವಾದ ಗಾಡಿಯ ಹತ್ತನೇ ಒಂದು ಪಾಲು ಅಳತೆಯ ಬಗ್ಗಿಗಳು ಹೆಚ್ಚು ಬಳಕೆಯಲ್ಲಿವೆ.

ಜಪಾನಿನ ಶಿಜುವೊಕಾ ನಗರದ ತಮಿಯಾ ಕಂಪನಿ 1984ರಲ್ಲಿ ಎರಡು ಬಗ್ಗಿಗಳನ್ನು ಹೊರತಂದಿತು. ಒಂದು ಗ್ರಾಸ್‌ಹಾಪರ್, ಅಂದರೆ ಮಿಡತೆ. ಇನ್ನೊಂದು ಹಾರ್ನೆಟ್, ಅಂದರೆ ಕಣಜ. ಎರಡರ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಮಿಡತೆಗೆ 380 ಅಳತೆಯ ಚಿಕ್ಕ ಮೋಟಾರು, ಕಣಜಕ್ಕೆ 540 ಅಳತೆಯ ದೊಡ್ಡ ಮೋಟಾರು. ಅದೇ ವರ್ಷ ಅಮೆರಿಕದ ಟೀಮ್ ಅಸೋಸಿಯೇಟೆಡ್ ಕಂಪನಿಯ ಆರ್‌ಸಿ10 ಬಂತು. ಅದಕ್ಕೆ ಅಲ್ಯೂಮಿನಿಯಂ ತಳ, ಎಣ್ಣೆ ತುಂಬಿದ ಶಾಕ್‌ಗಳು. ಅದು ಪಂದ್ಯಕ್ಕೆಂದೇ ಮಾಡಿದ ಗಾಡಿ. ಹಾರ್ನೆಟ್ 2004ರಲ್ಲಿ, ಗ್ರಾಸ್‌ಹಾಪರ್ 2005ರಲ್ಲಿ ಮತ್ತೆ ತಯಾರಾಗಿ ಮಾರುಕಟ್ಟೆಗೆ ಬಂದವು.

ಇಂಥ ಬಗ್ಗಿ ಬಿಡಿ ಭಾಗಗಳಾಗಿ ಪೆಟ್ಟಿಗೆಯಲ್ಲಿ ಬರುತ್ತದೆ. ನಾವೇ ಜೋಡಿಸಬೇಕು. ಜೊತೆಗೆ ಚಿತ್ರಗಳ ಪುಸ್ತಕ ಇರುತ್ತದೆ. ಅದರ ಭಾಷೆ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ತಮಿಯಾ ಪುಸ್ತಕದಲ್ಲಿ ಸ್ಕ್ರೂಗಳ ಚಿತ್ರವನ್ನು ನಿಜ ಅಳತೆಯಲ್ಲೇ ಅಚ್ಚು ಹಾಕಿರುತ್ತಾರೆ. ಸ್ಕ್ರೂವನ್ನು ಚಿತ್ರದ ಮೇಲಿಟ್ಟು ನೋಡಿ. ಉದ್ದ ಸರಿಹೋದರೆ ಅದೇ ಸ್ಕ್ರೂ. ಅಂಗಡಿಯ ಮಾತು ಮರಾಠಿ ಇರಲಿ, ಮಲಯಾಳ ಇರಲಿ, ತೆಲುಗು ಇರಲಿ, 3 ಮಿಲಿಮೀಟರ್ ಅಂದರೆ ಎಲ್ಲ ಕಡೆ 3 ಮಿಲಿಮೀಟರೇ.

2. ಜೋಡಿಸುವಾಗ ನೋಡಬೇಕಾದದ್ದು

ಒಂದು ತಟ್ಟೆ ಇಟ್ಟುಕೊಳ್ಳಿ. ಒಂದು ಸಲಕ್ಕೆ ಒಂದೇ ಚೀಲ ಒಡೆದು ಅದರೊಳಗೆ ಸುರಿಯಿರಿ. ಎಲ್ಲ ಚೀಲ ಒಟ್ಟಿಗೆ ಒಡೆದರೆ ಸ್ಕ್ರೂ ಹುಡುಕುವುದರಲ್ಲೇ ದಿನ ಕಳೆಯುತ್ತದೆ.

ಸ್ಕ್ರೂ ಡ್ರೈವರ್ ತಲೆಗೆ ಸರಿಯಾಗಿ ಕೂರಬೇಕು. ಜಪಾನಿನ ಪ್ಲಸ್ ಸ್ಕ್ರೂಗಳ ತಲೆ ನಮ್ಮಲ್ಲಿ ಸಿಗುವ ಮಾಮೂಲಿ ಡ್ರೈವರಿಗೆ ಪೂರ್ತಿ ಹೊಂದುವುದಿಲ್ಲ. ಜಪಾನಿ ಮಾದರಿಯ ಡ್ರೈವರ್ ಸಿಕ್ಕರೆ ತಲೆ ಸವೆಯುವುದು ತಪ್ಪುತ್ತದೆ.

ಪ್ಲಾಸ್ಟಿಕ್ಕಿಗೆ ಹಾಕುವ ಸ್ಕ್ರೂ ಕೂತ ಕೂಡಲೇ ನಿಲ್ಲಿಸಿ. ಇನ್ನೊಂದು ಸುತ್ತು ಬಿಗಿ ಮಾಡೋಣ ಅಂದರೆ ಮರೆ ಕಿತ್ತುಹೋಗುತ್ತದೆ. ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟನ್ನು ಒಂದು ಹನಿ ಹಾಕಿ. ಪ್ಲಾಸ್ಟಿಕ್ಕಿಗೆ ಅದು ತಾಗಿದರೆ ಬಿರುಕು ಬಿಡಬಹುದು.

3. ಮೊದಲ ಸುಧಾರಣೆ: ಬೇರಿಂಗ್

ಶಕ್ತಿ ಹರಿಯುವ ದಾರಿ ನೋಡಿ: ಬ್ಯಾಟರಿ, ಸ್ಪೀಡ್ ಕಂಟ್ರೋಲರ್, ಮೋಟಾರು, ಗೇರು, ಗಾಲಿ, ಮಣ್ಣು. ಇದು ಸರಪಳಿ. ಎಲ್ಲಿ ಕೊಂಡಿ ಬಿಗಿದುಕೊಂಡಿದೆಯೋ ಅಲ್ಲಿ ಶಕ್ತಿ ಬಿಸಿಯಾಗಿ ಹೋಗಿಬಿಡುತ್ತದೆ.

ಕಡಿಮೆ ಬೆಲೆಯ ಬಗ್ಗಿಗಳಲ್ಲಿ ಗಾಲಿಯ ಅಚ್ಚು ಪ್ಲಾಸ್ಟಿಕ್ ಬುಶ್ ಒಳಗೆ ತಿರುಗುತ್ತದೆ. ಧೂಳು ಸೇರಿದರೆ ಬುಶ್ ಸವೆದು ಗಾಲಿ ಅಲುಗಾಡುತ್ತದೆ. ಅದರ ಜಾಗಕ್ಕೆ ಬಾಲ್ ಬೇರಿಂಗ್ ಹಾಕಿ. ತಮಿಯಾದ ಅನೇಕ ಗಾಡಿಗಳಿಗೆ ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರ್ ಇರುವ ಬೇರಿಂಗ್ ಆಗುತ್ತದೆ. ನಿಮ್ಮ ಗಾಡಿಯ ಪುಸ್ತಕದಲ್ಲಿ ಅಳತೆ ನೋಡಿಯೇ ಕೊಳ್ಳಿ.

ಪರೀಕ್ಷೆ ಸುಲಭ. ಮೋಟಾರು ಬಿಚ್ಚಿ, ಗಾಲಿಯನ್ನು ಬೆರಳಿನಿಂದ ತಿರುಗಿಸಿ ಬಿಡಿ. ತಟ್ಟನೆ ನಿಂತರೆ ಎಲ್ಲೋ ಬಿಗಿ ಇದೆ. ಆ ಬಿಗಿ ಬಿಡಿಸದೆ ಮೋಟಾರು ಬದಲಿಸಿ ಫಲವಿಲ್ಲ.

4. ಗೇರಿನ ಲೆಕ್ಕ

ಮೋಟಾರಿನ ತುದಿಯಲ್ಲಿರುವ ಚಿಕ್ಕ ಗೇರಿಗೆ ಪಿನಿಯನ್ ಎಂದು ಹೆಸರು. ಅದು ತಿರುಗಿಸುವ ದೊಡ್ಡ ಗೇರಿಗೆ ಸ್ಪರ್ ಎನ್ನುತ್ತಾರೆ. ದೊಡ್ಡದರ ಹಲ್ಲನ್ನು ಚಿಕ್ಕದರ ಹಲ್ಲಿನಿಂದ ಭಾಗಿಸಿ.

ಸ್ಪರ್ 84 ಹಲ್ಲು, ಪಿನಿಯನ್ 21 ಹಲ್ಲು: 84 ÷ 21 = 4.
ಸ್ಪರ್ 84 ಹಲ್ಲು, ಪಿನಿಯನ್ 24 ಹಲ್ಲು: 84 ÷ 24 = 3.5.

ಗೇರ್ ಪೆಟ್ಟಿಗೆಯೊಳಗೆ ಇನ್ನೂ ಗೇರುಗಳಿರುತ್ತವೆ. ಅವುಗಳ ಪ್ರಮಾಣ 2.5 ಅಂತ ಇಟ್ಟುಕೊಳ್ಳೋಣ. ಮೊದಲನೆಯದು 4 × 2.5 = 10. ಅಂದರೆ ಮೋಟಾರು 10 ಸುತ್ತು ತಿರುಗಿದಾಗ ಗಾಲಿ 1 ಸುತ್ತು ತಿರುಗುತ್ತದೆ. ಎರಡನೆಯದು 3.5 × 2.5 = 8.75.

ಎರಡನೆಯದರಲ್ಲಿ ಮೋಟಾರಿನ ಅದೇ ಓಟಕ್ಕೆ ಗಾಲಿ ಏಳನೇ ಒಂದು ಪಾಲು ಹೆಚ್ಚು ವೇಗವಾಗಿ ತಿರುಗುತ್ತದೆ. ಆದರೆ ಎಳೆಯುವ ಬಲ ಕಡಿಮೆಯಾಗುತ್ತದೆ, ಮೋಟಾರು ಹೆಚ್ಚು ಬಿಸಿಯಾಗುತ್ತದೆ. ಹುಲ್ಲಿನ ಮೇಲೆ, ದಪ್ಪ ಮರಳಿನ ಮೇಲೆ ಚಿಕ್ಕ ಪಿನಿಯನ್ನೇ ವಾಸಿ. ಪಿನಿಯನ್ ಬದಲಿಸುವಾಗ ಒಂದೆರಡು ಹಲ್ಲು ಮಾತ್ರ ಹೆಚ್ಚಿಸಿ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಅಲ್ಲವೇ?

ಎರಡು ಗೇರುಗಳ ನಡುವೆ ಎಷ್ಟು ಸಂದು ಇರಬೇಕು? ಮೋಟಾರನ್ನು ಸರಿಸಲು ಬರುವ ಗಾಡಿಯಾದರೆ ನಿಮ್ಮ ನೋಟ್‌ಬುಕ್ಕಿನ ಒಂದು ತುಂಡು ಕಾಗದ ತೆಗೆದುಕೊಳ್ಳಿ. ಎರಡು ಗೇರಿನ ನಡುವೆ ಇಡಿ. ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿಯಿರಿ. ಆಮೇಲೆ ಗೇರು ತಿರುಗಿಸಿ ಕಾಗದ ಹೊರಗೆ ತೆಗೆಯಿರಿ. ಅಷ್ಟು ಸಂದು ಸಾಕು. ಬಿಗಿಯಾದರೆ ಕಿರುಚುತ್ತದೆ, ಸಡಿಲವಾದರೆ ಹಲ್ಲು ಉದುರುತ್ತದೆ. ಕೆಲವು ಗಾಡಿಗಳಲ್ಲಿ ಮೋಟಾರಿನ ಜಾಗ ಗೊತ್ತುಪಡಿಸಿದ ತೂತುಗಳಲ್ಲೇ ಇರುತ್ತದೆ. ಅಲ್ಲಿ ಪುಸ್ತಕ ಹೇಳಿದ ಪಿನಿಯನ್ ಮಾತ್ರ ಹಾಕಿ.

5. ಶಾಕ್ ಮತ್ತು ನಿಲುವು

ಶಾಕ್‌ನೊಳಗೆ ಸಿಲಿಕೋನ್ ಎಣ್ಣೆ ಇರುತ್ತದೆ. ಒಂದೇ ಕಂಪನಿಯ ಎಣ್ಣೆಗಳಲ್ಲಿ ಸಂಖ್ಯೆ ಹೆಚ್ಚಾದಷ್ಟು ಎಣ್ಣೆ ಮಂದ. ಎಣ್ಣೆ ತುಂಬಿ, ದಂಡವನ್ನು ನಿಧಾನವಾಗಿ ಮೇಲೆ ಕೆಳಗೆ ಆಡಿಸಿ. ಗುಳ್ಳೆ ಹೊರಬರಲು ಕೆಲವು ನಿಮಿಷ ನಿಲ್ಲಿಸಿ. ಆಮೇಲೆ ಮುಚ್ಚಳ ಹಾಕಿ. ಎಡದ ಶಾಕ್, ಬಲದ ಶಾಕ್ ಎರಡೂ ಒಂದೇ ವೇಗದಲ್ಲಿ ಒತ್ತಬೇಕು.

ಈಗ ಬ್ಯಾಟರಿ ಸಮೇತ ಗಾಡಿಯನ್ನು ಒಂದು ಗೇಣು ಎತ್ತರದಿಂದ ಸಮ ನೆಲಕ್ಕೆ ಬಿಡಿ. ಚೆಂಡಿನಂತೆ ಪುಟಿದರೆ ಎಣ್ಣೆ ತೆಳು. ಹೊಟ್ಟೆ ನೆಲಕ್ಕೆ ಬಡಿದರೆ ಸ್ಪ್ರಿಂಗು ಅಥವಾ ಎಣ್ಣೆ ಸಾಲದು. ಕೂತು, ಮೆಲ್ಲಗೆ ಎದ್ದು ನಿಂತರೆ ಹದ ಸರಿ. ನಿಂತಾಗ ಗಾಲಿಗಳನ್ನು ಹಿಡಿದಿರುವ ತೋಳುಗಳು ನೆಲಕ್ಕೆ ಸಮವಾಗಿದ್ದರೆ ಅದು ಒಳ್ಳೆಯ ಆರಂಭ. ಬೇಸಿಗೆಯ ಬಿಸಿಲಲ್ಲಿ ಎಣ್ಣೆ ತೆಳುವಾಗುತ್ತದೆ, ನೆನಪಿರಲಿ.

ರೇಡಿಯೊ ಹಾಕುವಾಗ ಮೊದಲು ಕೈಯಲ್ಲಿರುವ ರಿಮೋಟ್ ಆನ್ ಮಾಡಿ, ಆಮೇಲೆ ಗಾಡಿ. ಮುಗಿಸುವಾಗ ಮೊದಲು ಗಾಡಿ ಆಫ್, ಆಮೇಲೆ ರಿಮೋಟ್. ತಿರುವು ಮುರುವಾದರೆ ಗಾಡಿ ತನ್ನಷ್ಟಕ್ಕೆ ಓಡಿಬಿಡಬಹುದು. ಗಾಲಿ ತಿರುಗಿಸುವ ಸರ್ವೊ ನಡುವೆ ನಿಂತಿರುವಾಗಲೇ ಅದರ ತೋಳನ್ನು ಕೂರಿಸಿ. ಎಡ ಗಾಲಿ ಒಂದು ಕಡೆ, ಬಲ ಗಾಲಿ ಒಂದು ಕಡೆ ನೋಡಿದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತೆ ಆಗುತ್ತದೆ.

6. ಟೈರು

ಮೋಟಾರಿನ ಬಲ ಮಣ್ಣಿಗೆ ತಲುಪುವುದು ಟೈರಿನಿಂದ. ಸಡಿಲ ಮಣ್ಣಿಗೆ ಮೊಳೆಯಂಥ ಉದ್ದ ಹಲ್ಲಿನ ಟೈರು ಬೇಕು. ಗಟ್ಟಿ ನೆಲಕ್ಕೆ ಗಿಡ್ಡ, ಒತ್ತಾದ ಹಲ್ಲು ಸಾಕು. ಹಿಂದಿನ ಗಾಲಿ ಎಳೆಯುವ ಬಗ್ಗಿಗಳಿಗೆ ಮುಂದೆ ಉದ್ದ ಗೆರೆಯ ಟೈರು ಹಾಕುವುದು ರೂಢಿ.

ತಿರುವಿನಲ್ಲಿ ಮೂತಿ ತಿರುಗದೆ ನೇರ ಹೋದರೆ ಮುಂದಿನ ಟೈರು, ಮುಂದಿನ ಸ್ಪ್ರಿಂಗು ನೋಡಿ. ಬಾಲ ಜಾರಿ ಗಾಡಿ ಬುಗುರಿಯಂತೆ ಸುತ್ತಿದರೆ ಹಿಂದಿನ ಟೈರು, ಹಿಂದಿನ ಸ್ಪ್ರಿಂಗು ನೋಡಿ. ಹಿಡಿತ ಸಾಲದ ಕಡೆ ಸ್ಪ್ರಿಂಗನ್ನು ಒಂದು ಮೆಟ್ಟಿಲು ಮೃದು ಮಾಡಿ ಓಡಿಸಿ ನೋಡಿ.

7. ಬ್ಯಾಟರಿ: ಈ ಭಾಗವನ್ನು ಎರಡು ಸಲ ಓದಿ

ನಿಕೆಲ್ ಮೆಟಲ್ ಹೈಡ್ರೈಡ್ ಬ್ಯಾಟರಿಯಲ್ಲಿ ಸಾಮಾನ್ಯವಾಗಿ 6 ಸೆಲ್ ಇರುತ್ತವೆ. ಒಂದೊಂದು 1.2 ವೋಲ್ಟ್. ಒಟ್ಟು 7.2 ವೋಲ್ಟ್. ಹೊಸದಾಗಿ ಕಲಿಯುವವರಿಗೆ ಇದು ಒಳ್ಳೆಯದು.

ಲಿಪೊ ಬ್ಯಾಟರಿ ಹಗುರ, ಬಲ ಹೆಚ್ಚು. ಎರಡು ಸೆಲ್ಲಿನ ಲಿಪೊ 7.4 ವೋಲ್ಟ್. ತುಂಬಿದಾಗ 8.4 ವೋಲ್ಟ್. ಆದರೆ ತಪ್ಪಾಗಿ ಬಳಸಿದರೆ ಲಿಪೊ ಹೊತ್ತಿ ಉರಿಯುತ್ತದೆ. ಆದ್ದರಿಂದ:

• ಲಿಪೊಗೆ ಲಿಪೊ ಚಾರ್ಜರನ್ನೇ ಬಳಸಿ. ನಿಕೆಲ್ ಚಾರ್ಜರ್ ಹಾಕಬೇಡಿ.
• 3000 ಮಿಲಿ ಆಂಪಿಯರ್-ಅವರ್ ಬ್ಯಾಟರಿಗೆ 3 ಆಂಪಿಯರ್‌ಗಿಂತ ಹೆಚ್ಚು ಇಡಬೇಡಿ.
• ಚಾರ್ಜಿಗೆ ಹಾಕಿ ಮಲಗಬೇಡಿ, ಹೊರಗೆ ಹೋಗಬೇಡಿ. ಹಾಸಿಗೆ, ಬಟ್ಟೆ, ಹುಲ್ಲಿನ ಬಣವೆ ಹತ್ತಿರ ಬೇಡ. ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ ಇಡಿ.
• ಒಂದು ಸೆಲ್ 3 ವೋಲ್ಟಿಗಿಂತ ಕೆಳಗೆ ಇಳಿಯಬಾರದು. ಸ್ಪೀಡ್ ಕಂಟ್ರೋಲರಿನಲ್ಲಿ ಲಿಪೊಗೆ ಕಡಿತದ ಏರ್ಪಾಡು ಇರಬೇಕು. ಹಳೆಯ ಕಂಟ್ರೋಲರುಗಳಲ್ಲಿ ಅದು ಇರುವುದಿಲ್ಲ.
• ಊದಿಕೊಂಡ ಬ್ಯಾಟರಿಯನ್ನು ಚುಚ್ಚಬೇಡಿ, ಮತ್ತೆ ಚಾರ್ಜ್ ಮಾಡಬೇಡಿ. ಕಸಕ್ಕೂ ಎಸೆಯಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಈ ಐದು ಮಾತನ್ನು ದೊಡ್ಡ ಅಕ್ಷರದಲ್ಲಿ ಬರೆದು ಚಾರ್ಜರ್ ಇಡುವ ಗೋಡೆಗೆ ಅಂಟಿಸಿ. ಮಕ್ಕಳಿಂದ ಓದಿಸಿ.

8. ಮೋಟಾರು ಕೊನೆಗೆ

ಬ್ರಶ್ ಇರುವ ಮೋಟಾರಿನೊಳಗೆ ತಾಮ್ರದ ತಂತಿ ಸುತ್ತಿರುತ್ತಾರೆ. ಸುತ್ತು ಕಡಿಮೆಯಾದಷ್ಟು ವೇಗ ಹೆಚ್ಚು, ಕರೆಂಟು ಹೆಚ್ಚು, ಬಿಸಿಯೂ ಹೆಚ್ಚು. ಕಲಿಯುವವರಿಗೆ 27 ಸುತ್ತಿನದು ಸಾಕು. ಇದಕ್ಕಿಂತ ಕಡಿಮೆ ಸುತ್ತಿನದು ತರುವ ಮೊದಲು ಸ್ಪೀಡ್ ಕಂಟ್ರೋಲರ್ ಎಷ್ಟು ಸುತ್ತಿನವರೆಗೆ ತಾಳುತ್ತದೆ ಅಂತ ಅದರ ಚೀಟಿಯಲ್ಲಿ ಓದಿ.

ಐದು ನಿಮಿಷ ಓಡಿಸಿ ನಿಲ್ಲಿಸಿ. ಮೋಟಾರಿನ ಹತ್ತಿರ ಕೈ ತಂದು ಕಾವು ನೋಡಿ, ಆಮೇಲೆ ಮೆಲ್ಲಗೆ ಮುಟ್ಟಿ. ಮೂರು ಎಣಿಸುವವರೆಗೆ ಬೆರಳು ಇಡಲು ಆಗದಿದ್ದರೆ ಅದು ಬಹಳ ಬಿಸಿ. ತಣಿಯಲು ಬಿಡಿ. ಆಮೇಲೆ ಹುಡುಕಿ: ಗಾಲಿ ಬಿಗಿದಿದೆಯೇ? ಗೇರು ಒತ್ತಿದೆಯೇ? ಪಿನಿಯನ್ ದೊಡ್ಡದಾಯಿತೇ? ಬಿಸಿ ಎಂಬುದು ಗಾಡಿ ನಮಗೆ ಹೇಳುವ ದೂರು. ಅದನ್ನು ಕೇಳಿಸಿಕೊಂಡರೆ ಹೊಸ ಮೋಟಾರಿನ ಹಣ ಉಳಿಯುತ್ತದೆ.

9. ಬರೆದಿಡಿ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಟೈರು, ಎಣ್ಣೆ, ಪಿನಿಯನ್ ಮೂರನ್ನೂ ಒಂದೇ ದಿನ ಬದಲಿಸಿದರೆ ಗಾಡಿ ಯಾವುದರಿಂದ ಸುಧಾರಿಸಿತು, ಯಾವುದರಿಂದ ಕೆಟ್ಟಿತು ತಿಳಿಯುವುದಿಲ್ಲ. ನೋಟ್‌ಬುಕ್ಕಿನಲ್ಲಿ ಹೀಗೆ ಬರೆಯಿರಿ:

ತಾರೀಖು — ನೆಲ ಯಾವುದು — ಏನು ಬದಲಿಸಿದೆ — ಎಷ್ಟು ನಿಮಿಷ ಓಡಿತು — ಮೋಟಾರು ಬಿಸಿ ಹೇಗಿತ್ತು — ಏನಾಯಿತು.

ಪಂದ್ಯಕ್ಕೆ ಹೋಗುವವರೂ ಇಂಥದೇ ಹಾಳೆ ಇಟ್ಟುಕೊಳ್ಳುತ್ತಾರೆ. ನೆನಪು ಮೋಸ ಮಾಡುತ್ತದೆ, ಬರಹ ಮೋಸ ಮಾಡುವುದಿಲ್ಲ. ಪಂಪು ಕೆಟ್ಟಾಗ, ಹೊಲಿಗೆ ಯಂತ್ರ ನಿಂತಾಗಲೂ ಇದೇ ಕ್ರಮ ಕೆಲಸಕ್ಕೆ ಬರುತ್ತದೆ.

ಅಭ್ಯಾಸ

1. ಸ್ಪರ್ 72 ಹಲ್ಲು, ಪಿನಿಯನ್ 18 ಹಲ್ಲು. ಪ್ರಮಾಣ ಎಷ್ಟು? ಪಿನಿಯನ್ 24 ಆದರೆ ಎಷ್ಟು? ಯಾವುದರಲ್ಲಿ ಮೋಟಾರು ಹೆಚ್ಚು ಬಿಸಿಯಾಗುತ್ತದೆ?
2. 2400 ಮಿಲಿ ಆಂಪಿಯರ್-ಅವರ್ ಲಿಪೊಗೆ ಎಷ್ಟು ಆಂಪಿಯರ್‌ವರೆಗೆ ಚಾರ್ಜ್ ಇಡಬಹುದು?
3. ಗಾಡಿ ನಿಧಾನ ಓಡುತ್ತದೆ. ಮೋಟಾರು ಕೊಳ್ಳುವ ಮೊದಲು ನೋಡಬೇಕಾದ ಮೂರು ಜಾಗ ಯಾವುವು?
4. ಬ್ಯಾಟರಿಯ ಐದು ಎಚ್ಚರಿಕೆಗಳನ್ನು ನಿಮ್ಮ ಮಾತಿನಲ್ಲಿ ಬರೆಯಿರಿ. ಓದು ಬಾರದ ಒಬ್ಬರಿಗೆ ಓದಿ ಹೇಳಿ.

ಉತ್ತರ: 1) 4; 3; ಎರಡನೆಯದರಲ್ಲಿ. 2) 2.4 ಆಂಪಿಯರ್. ಉಳಿದ ಎರಡಕ್ಕೆ ಪಾಠವನ್ನು ಮತ್ತೊಮ್ಮೆ ಓದಿ, ನೀವೇ ಬರೆಯಿರಿ.